ಉದ್ರಿ ಪುಸ್ತಕದಲ್ಲಿ ರಾಯಚೂರು ಸೀಮೆ

ಒಂದು ಸೀಮೆಯ ಜನರು ಹೇಗೆ ಬದುಕುತ್ತಿದ್ದಾರೆ ಎಂಬುದನ್ನು ತಿಳಿಯಲು ಅಲ್ಲಿನ ಬೆಳೆಯ ಲೆಕ್ಕವಷ್ಟೇ ಸಾಕಾಗದು, ಮನೆಮನೆಯ ಸಾಲದ ಲೆಕ್ಕವೂ ಬೇಕು. ರಾಯಚೂರು ನಿಜಾಮರ ಆಳ್ವಿಕೆಯಲ್ಲಿದ್ದಾಗಲೇ ಇಂಥ ಪ್ರಯತ್ನ ನಡೆದಿತ್ತು. 1929–30ರಲ್ಲಿ ಎಸ್. ಕೇಶವ ಅಯ್ಯಂಗಾರ್ ಹೈದರಾಬಾದ್ ಸಂಸ್ಥಾನದ ಹಳ್ಳಿಗಳ ಆರ್ಥಿಕ ಸಮೀಕ್ಷೆ ನಡೆಸಿದರು. ಎರಡು ದಶಕಗಳ ನಂತರ, 1949–51ರಲ್ಲಿ, ಅದೇ ಕೆಲಸವನ್ನು ಮತ್ತೊಮ್ಮೆ ಮಾಡಿದರು. ಆಗ ಸಾಲ ಕೊಡುವವರೆಂದರೆ ಊರಿನ ಸಾವುಕಾರ, ಪೇಟೆಯ ಮಾರವಾಡಿ, ಇಲ್ಲವೇ ವಸೂಲಿಗೆ ಹೆಸರಾದ ರೋಹಿಲಾ.

ಇಡೀ ದೇಶದ ಚಿತ್ರ ದೊರೆತದ್ದು ರಿಸರ್ವ್ ಬ್ಯಾಂಕ್ 1951–52ರಲ್ಲಿ ನಡೆಸಿದ ಗ್ರಾಮೀಣ ಸಾಲ ಸಮೀಕ್ಷೆಯಿಂದ. 75 ಜಿಲ್ಲೆಗಳ 600 ಹಳ್ಳಿಗಳಲ್ಲಿ ನಡೆದ ಈ ಸಮೀಕ್ಷೆಯ ಪ್ರಕಾರ ರೈತರ ಸಾಲದಲ್ಲಿ ಸುಮಾರು ಶೇ 70ರಷ್ಟು ಲೇವಾದೇವಿಗಾರರದು. ಸಹಕಾರ ಸಂಘಗಳ ಪಾಲು ಕೇವಲ ಶೇ 3. ಪಡೆದ ಸಾಲದ ಅರ್ಧದಷ್ಟು ಹೊಲಕ್ಕಲ್ಲ, ಸಂಸಾರದ ಖರ್ಚಿಗೆ ಹೋಗುತ್ತಿತ್ತು. ಇನ್ನೊಂದು ಸಂಗತಿಯೂ ಹೊರಬಿತ್ತು: ಹೆಚ್ಚು ಸಾಲ ಮಾಡಿದವರು ದೊಡ್ಡ ಹಿಡುವಳಿದಾರರು. ಅಂದರೆ ಸಾಲ ಹೆಚ್ಚಿದ್ದಲ್ಲೆಲ್ಲ ಬಡತನ ಹೆಚ್ಚು ಎಂದು ಓದುವಂತಿಲ್ಲ. ಸಾಲವೇ ಇಲ್ಲದ ಮನೆ ನೆಮ್ಮದಿಯದೂ ಆಗಿರಬಹುದು, ಯಾರೂ ನಂಬಿ ಸಾಲ ಕೊಡದ ಮನೆಯೂ ಆಗಿರಬಹುದು.

ರಾಯಚೂರು ಜಿಲ್ಲೆಯಲ್ಲೇ ಇದಕ್ಕೆ ಉದಾಹರಣೆಯಿದೆ. 1953ರ ನಂತರ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಮಾನ್ವಿ ಭಾಗದಲ್ಲಿ ಭತ್ತ ಹರಡಿತು. ಭತ್ತಕ್ಕೆ ಗೊಬ್ಬರ, ಔಷಧಿ, ಆಳು, ಟ್ರ್ಯಾಕ್ಟರ್ ಎಲ್ಲವೂ ರೊಕ್ಕದ ಬಾಬತ್ತೇ. ಸಾಲದ ಮೊತ್ತ ದೊಡ್ಡದು, ತೀರಿಸಲು ಬೆಳೆಯೂ ಉಂಟು. ಕೃಷ್ಣೆಯ ದಂಡೆಯಲ್ಲಿದ್ದರೂ ದೇವದುರ್ಗದ ಬಹುಭಾಗ ಬಹುಕಾಲ ಮಳೆಯನ್ನೇ ನಂಬಿತ್ತು. ನಾರಾಯಣಪುರ ಬಲದಂಡೆ ಕಾಲುವೆ ಬಂದದ್ದು ತಡವಾಗಿ, ಅದೂ ಎಲ್ಲ ಊರುಗಳಿಗೆ ಅಲ್ಲ. ಅಂಥ ಖುಷ್ಕಿ ಊರಿನ ಸಾಲ ಮೊತ್ತದಲ್ಲಿ ಸಣ್ಣದು, ಆದರೆ ಜೋಳಕ್ಕೆ, ದವಾಖಾನೆಗೆ, ಮದುವೆಗೆ ಮಾಡಿದ್ದು. ಅದನ್ನು ತೀರಿಸುವುದು ಹೊಲವಲ್ಲ, ಬೆಂಗಳೂರಿಗೆ ಗುಳೆ ಹೋದವರ ರಟ್ಟೆ.

ಸಾಲವನ್ನು ಎಣಿಸುವುದೂ ಸುಲಭವಲ್ಲ. ಪರಸ್ಥಳದ ಗುಮಾಸ್ತ ಬಾಗಿಲಲ್ಲಿ ನಿಂತು ಕೇಳಿದರೆ ಮರ್ಯಾದಸ್ಥರು ಇದ್ದಷ್ಟು ಹೇಳುವುದುಂಟೆ? ಕಿರಾಣಿ ಅಂಗಡಿಯ ಉದ್ರಿ, ಬಂಧುಗಳ ಕೈಗಡ, ಮೇಸ್ತ್ರಿ ಕೊಟ್ಟ ಮುಂಗಡ ಇವು ಸಾಲವೆಂದು ನೆನಪಾಗುವುದೇ ಕಡಿಮೆ. ದಲಾಲಿ ಅಂಗಡಿಯ ಸಾಲವಂತೂ ಮತ್ತೂ ಜಟಿಲ. ಮಾಲು ತಮ್ಮ ಅಂಗಡಿಗೇ ಬರಬೇಕೆಂಬ ಕರಾರಿನ ಮೇಲೆ ರೈತನಿಗೆ ಹಣ ಕೊಟ್ಟಾಗ, ಬಡ್ಡಿಯ ಒಂದು ಪಾಲು ದರದಲ್ಲೇ ಅಡಗಿ ಕೂತಿರುತ್ತದೆ.

1976ರಲ್ಲಿ ಬಳ್ಳಾರಿ, ರಾಯಚೂರು ಜಿಲ್ಲೆಗಳಿಗಾಗಿ ತುಂಗಭದ್ರಾ ಗ್ರಾಮೀಣ ಬ್ಯಾಂಕ್ ಹುಟ್ಟಿತು. ದೇಶದಲ್ಲಿ ಕ್ರಮೇಣ ಸಾವುಕಾರರ ಪಾಲು ಇಳಿಯಿತು. 2019ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಗ್ರಾಮೀಣ ಕುಟುಂಬಗಳಲ್ಲಿ ಶೇ 35ಕ್ಕೆ ಸಾಲವಿತ್ತು. ಸಾಲದ ಮೊತ್ತದಲ್ಲಿ ಸುಮಾರು ಮೂರನೇ ಎರಡು ಭಾಗ ಸಂಸ್ಥೆಗಳದು. ಈ ‘ಸಂಸ್ಥೆ’ ಎಂಬ ಪದ ಸ್ವಲ್ಪ ಮೋಸದ್ದು. ಬ್ಯಾಂಕಿನ ಬೆಳೆ ಸಾಲವೂ ಅದರಲ್ಲಿದೆ, ಮಹಿಳಾ ಗುಂಪುಗಳಿಂದ ವಾರವಾರ ಕಂತು ಎತ್ತುವ ಕಿರುಸಾಲ ಕಂಪನಿಯೂ ಅದರಲ್ಲಿದೆ. ವಸೂಲಿಯ ಕಿರುಕುಳದ ದೂರುಗಳು ಹೆಚ್ಚಿ, ಕರ್ನಾಟಕ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಅಂಕಿಅಂಶದಲ್ಲಿ ಮಾತ್ರ ಅದು ಸಾವುಕಾರನಿಂದ ಬಿಡುಗಡೆಯೆಂದೇ ಕಾಣುತ್ತದೆ.

ದೇಶದ ಕುಟುಂಬಗಳ ಸಾಲ 2024ರ ಜೂನ್‌ನಲ್ಲಿ ಒಟ್ಟು ದೇಶೀಯ ಉತ್ಪನ್ನದ ಸುಮಾರು ಶೇ 43ರಷ್ಟಿತ್ತೆಂದು ರಿಸರ್ವ್ ಬ್ಯಾಂಕ್ ಲೆಕ್ಕ ಹಾಕಿದೆ. ಇದು ಸಾಲ ಕೊಟ್ಟ ಸಂಸ್ಥೆಗಳ ಖಾತೆಗಳನ್ನು ಕೂಡಿಸಿದ ಲೆಕ್ಕ. ಉದ್ರಿ ಪುಸ್ತಕ ಅಲ್ಲಿಗೆ ತಲುಪುವುದಿಲ್ಲ. ರಾಷ್ಟ್ರೀಯ ಸಮೀಕ್ಷೆಯಾದರೂ ರಾಜ್ಯದ ಸರಾಸರಿ ಹೇಳೀತೇ ಹೊರತು ಮಾನ್ವಿಯನ್ನೂ ದೇವದುರ್ಗವನ್ನೂ ಬೇರೆಬೇರೆ ಮಾಡಿ ತೋರಿಸಲಾರದು. ತಾಲ್ಲೂಕಿನ ಮಟ್ಟದಲ್ಲಿ ಕೇಳಬೇಕಾದ ಪ್ರಶ್ನೆಗಳು ಬೇರೆ: ಬಿತ್ತನೆಗೆ ಮುನ್ನ ಅಡವು ಇಟ್ಟ ಬಂಗಾರ ಸುಗ್ಗಿಯ ನಂತರ ಮನೆಗೆ ಮರಳಿತೆ? ಗುಳೆ ಹೊರಟವರು ಈ ವರ್ಷದ ಗಳಿಕೆಗೆ ಹೊರಟಿದ್ದಾರೆಯೇ, ಹೋದ ವರ್ಷದ ಮುಂಗಡ ತೀರಿಸಲು ಹೊರಟಿದ್ದಾರೆಯೇ?