ಕರೆಯೋಲೆ

ಕಾಯಿಲೆಯಿಲ್ಲದವರು ವೈದ್ಯರ ಬಾಗಿಲಿಗೆ ಹೋಗುವ ವಾಡಿಕೆ ನಮ್ಮಲ್ಲಿ ಹಳೆಯದಲ್ಲ. 'ಇರಲಾರದೆ ಇರುವೆ ಬಿಟ್ಟುಕೊಂಡ' ಎಂಬ ಗಾದೆಯನ್ನು ಬಲ್ಲ ಜನ, ನೋವಿಲ್ಲದೆ ಏಕೆ ತೋರಿಸಿಕೊಳ್ಳಬೇಕು ಎಂದು ಕೇಳಿದರೆ ಅದನ್ನು ಮೌಢ್ಯವೆಂದು ತಳ್ಳಿಹಾಕುವಂತಿಲ್ಲ. ಆದರೆ ಗರ್ಭಕಂಠದ ಕ್ಯಾನ್ಸರು ನೋವು ತೋರುವುದಕ್ಕೆ ಎಷ್ಟೋ ವರ್ಷ ಮೊದಲೇ ಸದ್ದಿಲ್ಲದೆ ಬೇರೂರುವಂಥದು. ಆ ಅವಧಿಯಲ್ಲಿ ಗುರುತಿಸಿದರೆ ಅದನ್ನು ಮೊಳಕೆಯಲ್ಲಿಯೇ ಚಿವುಟಬಹುದು. ಇಷ್ಟಿದ್ದೂ ಹೆಂಗಸರು ತಪಾಸಣೆಗೆ ಏಕೆ ಬರುವುದಿಲ್ಲ? ಈ ಪ್ರಶ್ನೆಗೂ ಒಂದು ಚರಿತ್ರೆಯಿದೆ.

ಗ್ರೀಸಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಜಾರ್ಜ್ ಪಾಪನಿಕೊಲಾವ್, ಗರ್ಭಕಂಠದಿಂದ ಉದುರುವ ಜೀವಕೋಶಗಳಲ್ಲಿ ರೋಗದ ಸುಳಿವು ಕಾಣುತ್ತದೆಂದು 1928ರಲ್ಲಿ ಸಾರಿದರು. ವೈದ್ಯಲೋಕ ಆಗ ಕಿವಿಗೊಡಲಿಲ್ಲ. ಹರ್ಬರ್ಟ್ ಟ್ರಾಟ್ ಅವರೊಡನೆ 1943ರಲ್ಲಿ ಗ್ರಂಥ ಪ್ರಕಟಿಸಿದ ಮೇಲೆ ಮನ್ನಣೆ ದೊರೆಯಿತು. ಈ ಸಂಶೋಧನೆಗಾಗಿ ವರ್ಷಗಟ್ಟಲೆ ತಮ್ಮನ್ನೇ ಪರೀಕ್ಷೆಗೆ ಒಡ್ಡಿಕೊಂಡವರು ಅವರ ಪತ್ನಿ ಆಂಡ್ರೊಮಾಕೆ.

ಪರೀಕ್ಷೆ ಸಿದ್ಧವಾಯಿತು, ಬರುವವರು ಬೇಕಲ್ಲ! ಬ್ರಿಟನ್ನಿನಲ್ಲಿ 1960ರ ದಶಕದಲ್ಲಿಯೇ ತಪಾಸಣೆ ಆರಂಭವಾಗಿತ್ತು. ಬಂದವರಲ್ಲಿ ಬೇರೆ ಕಾರಣಕ್ಕೆ ವೈದ್ಯರನ್ನು ಕಾಣುತ್ತಿದ್ದ ಕಿರಿಯರೇ ಹೆಚ್ಚು. ಅಪಾಯ ಹೆಚ್ಚಿದ್ದ ಹಿರಿಯರು ದೂರವೇ ಉಳಿದರು. 1988ರಲ್ಲಿ ಒಂದು ಬದಲಾವಣೆಯಾಯಿತು. ಪ್ರತಿಯೊಬ್ಬ ಹೆಣ್ಣುಮಗಳಿಗೂ ಅವಳ ಹೆಸರಿಗೇ ಕರೆಯೋಲೆ ಹೋಗತೊಡಗಿತು. ಗಡುವು ಬಂದಾಗ ಮತ್ತೊಂದು. ಗುರಿ ಮುಟ್ಟಿದ ವೈದ್ಯರಿಗೆ 1990ರಿಂದ ಸಂಭಾವನೆಯೂ ದೊರೆಯಿತು. ನೂರಕ್ಕೆ 42ರಷ್ಟಿದ್ದ ತಪಾಸಣೆ 1994ರ ಹೊತ್ತಿಗೆ 85ಕ್ಕೆ ಏರಿತು. ಆರು ವರ್ಷದಲ್ಲಿ ಭಯವಾಗಲಿ ನಾಚಿಕೆಯಾಗಲಿ ಅಳಿದಿರಲಾರದು; ಬದಲಾದದ್ದು ಕರೆಯುವ ಕ್ರಮ.

ಸುದ್ದಿಯೂ ಜನರನ್ನು ಕರೆತರುವುದುಂಟು. ದೂರದರ್ಶನದಿಂದ ಹೆಸರಾದ ಜೇಡ್ ಗುಡಿ ಎಂಬ ತರುಣಿ ಇದೇ ರೋಗದಿಂದ 2009ರಲ್ಲಿ ತೀರಿಕೊಂಡಾಗ, ಇಂಗ್ಲೆಂಡಿನಲ್ಲಿ ಸುಮಾರು ಐದು ಲಕ್ಷ ಹೆಂಗಸರು ಹೆಚ್ಚಾಗಿ ತಪಾಸಣೆಗೆ ಬಂದರು. ಆದರೆ ಆ ಹುರುಪು ಬಹುಕಾಲ ನಿಲ್ಲಲಿಲ್ಲ. ಕಣ್ಣೀರು ಆರುತ್ತದೆ, ಕರೆಯೋಲೆ ಮಾತ್ರ ಮತ್ತೆ ಮತ್ತೆ ಬರಬಲ್ಲದು.

ನಮ್ಮ ನಾಡಿನ ಮಾತಿಗೆ ಬರೋಣ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 30ರಿಂದ 49 ವಯಸ್ಸಿನ ಭಾರತೀಯ ಸ್ತ್ರೀಯರಲ್ಲಿ ಒಮ್ಮೆಯಾದರೂ ಈ ತಪಾಸಣೆ ಮಾಡಿಸಿಕೊಂಡವರು ನೂರಕ್ಕೆ 1.9 ಮಾತ್ರ. ನಮ್ಮವರಿಗೆ ಸಂಕೋಚ ಹೆಚ್ಚು ಎಂದು ಕೈತೊಳೆದುಕೊಳ್ಳುವುದು ಸುಲಭ. ಆದರೆ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಿಂದ ಅಲ್ಲಿನ ಕೊಳೆಗೇರಿಗಳಲ್ಲಿ ನಡೆಸಿದ ಪ್ರಯೋಗ ಬೇರೆಯದೇ ಮಾತು ಹೇಳುತ್ತದೆ. ಸಾಧಾರಣ ಓದಿನ ಹೆಂಗಸರಿಗೆ ತರಬೇತಿ ಕೊಟ್ಟು, ವಿನೆಗರಿನ ತೆಳು ದ್ರಾವಣ ಸವರಿ ಕಣ್ಣಿನಿಂದಲೇ ಪರೀಕ್ಷಿಸುವ ವಿಧಾನವನ್ನು ಮನೆಯ ಹತ್ತಿರಕ್ಕೇ ಒಯ್ದರು. ಕರೆದವರಲ್ಲಿ ನೂರಕ್ಕೆ 89 ಮಂದಿ ಬಂದರು! ಈ ರೋಗದ ಸಾವು ಶೇಕಡ 31ರಷ್ಟು ಇಳಿಯಿತೆಂದು 2013ರಲ್ಲಿ ಪ್ರಕಟವಾಯಿತು.

ಸಾಹಿತ್ಯ ಪಾಠ ಹೇಳಿದ ನನಗೆ ಇದರಲ್ಲಿ ಪರಿಚಿತವಾದ ಒಂದು ಮರ್ಯಾದೆ ಕಾಣುತ್ತದೆ. ಅರಿಸಿನ ಕುಂಕುಮಕ್ಕೂ ನಮ್ಮ ಗೃಹಿಣಿಯರು ಕರೆಯದೆ ಹೋಗುವವರಲ್ಲ. ದಿನಗೂಲಿ ತಪ್ಪುವ, ಮಗುವನ್ನು ಬಿಟ್ಟು ಬರಲಾಗದ, ಗಂಡಸರೆದುರು ಮೈ ತೋರಿಸಲು ಹಿಂಜರಿಯುವ ಹೆಣ್ಣಿಗೆ ಗೋಡೆಯ ಮೇಲಿನ ಭಿತ್ತಿಪತ್ರ ಕರೆಯೆನಿಸದು. ಈಗ ಮಾದರಿಯನ್ನು ಹೆಣ್ಣು ತಾನೇ ತೆಗೆದುಕೊಡುವ ವಿಧಾನವೂ ಬಂದಿದೆ. ಆಸ್ಟ್ರೇಲಿಯಾ ತಪಾಸಣೆಗೆ ಅರ್ಹರಾದ ಎಲ್ಲರಿಗೂ 2022ರಿಂದ ಅದನ್ನು ಒದಗಿಸಿದೆ. ಆದರೆ ಅದನ್ನು ತಲುಪಿಸಲು, ಫಲಿತಾಂಶ ತಿಳಿಸಲು, ಚಿಕಿತ್ಸೆಗೆ ಕೈಹಿಡಿದು ನಡೆಸಲು ಮನುಷ್ಯರೇ ಬೇಕು. ಬಾರದವರನ್ನು ದೂರುವ ಮೊದಲು, ಅವರನ್ನು ಕರೆದವರು ಯಾರು ಎಂದು ಕೇಳಿಕೊಳ್ಳುವುದು ನ್ಯಾಯ.