ದನದ ಕೊಂಬು ಬೇರೆ, ಕಡವೆ ಕೊಂಬು ಬೇರೆ

ಇವತ್ತು ಬೆಳೆ ವಿಷಯ ಅಲ್ಲ, ಕೊಂಬಿನ ವಿಷಯ. ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

ಡೆನ್ಮಾರ್ಕ್ ದೇಶದಲ್ಲಿ ಗುಂಡೆಸ್ಟ್ರುಪ್ ಅಂತ ಒಂದು ಊರು. 1891ರಲ್ಲಿ ಅಲ್ಲಿನ ಜೌಗಿನಲ್ಲಿ ಕೆಲಸದವರು ಒಣಗಿಸಿ ಉರಿಸುವ ಕರಿಮಣ್ಣು ಕಡಿಯುವಾಗ ಒಂದು ಬೆಳ್ಳಿ ಕೊಪ್ಪರಿಗೆ ಸಿಕ್ಕಿತು. ತೂಕ 9 ಕೆಜಿ ಹತ್ತಿರ, ಸುಮಾರು 2000 ವರ್ಷ ಹಳೇದು. ಅದರ ಒಂದು ತಗಡಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ ದೇವರು. ತಲೆ ಮೇಲೆ ಕವಲು ಕೊಂಬು. ಒಂದು ಕೈಯಲ್ಲಿ ಕೊರಳಿಗೆ ಹಾಕುವ ಕಡಗ, ಇನ್ನೊಂದರಲ್ಲಿ ಹಾವು. ಪಕ್ಕದಲ್ಲೇ ಅಂಥದ್ದೇ ಕೊಂಬಿನ ಗಂಡು ಜಿಂಕೆ.

ನೋಡಿದ ಕೂಡ್ಲೇ ಶಾಲೆ ಪುಸ್ತಕದ ಪಶುಪತಿ ಮುದ್ರೆ ನೆನಪಾಗ್ತದೆ. ಅದು ಮೊಹೆಂಜೊದಾರೊದ್ದು, 4000 ವರ್ಷಕ್ಕೂ ಹಳೇದು. ಅಲ್ಲೂ ಕಾಲು ಮಡಿಸಿ ಕೂತ ಕೊಂಬಿನವನು, ಸುತ್ತ ಪ್ರಾಣಿಗಳು. ಎರಡೂ ಒಂದೇ ದೇವರು ಅನ್ನುವವರೂ ಇದ್ದಾರೆ. ಆದ್ರೆ ದನ ಕಟ್ಟುವವರು ನಾವು, ಮೊದಲು ಕೊಂಬು ನೋಡಬೇಕು. ಮುದ್ರೆಯಲ್ಲಿರೋದು ಬಾಗಿದ, ಕವಲಿಲ್ಲದ, ಕೋಣನ ಥರದ ಕೊಂಬು.

ಈ ವ್ಯತ್ಯಾಸ ಸಣ್ಣದಲ್ಲ. ದನ, ಎಮ್ಮೆ, ಆಡು, ಅಷ್ಟೇ ಯಾಕೆ ಕೃಷ್ಣಮೃಗದ ಕೊಂಬೂ ಒಂದ್ಸಲ ಬಂದ್ರೆ ಸಾಯೋವರೆಗೂ ಇರ್ತದೆ. ಕಡವೆ, ಚುಕ್ಕೆ ಜಿಂಕೆಯದ್ದು ಹಾಗಲ್ಲ, ಉದುರಿ ಮತ್ತೆ ಬರ್ತದೆ. ಯುರೋಪಿನ ಕೆಂಪು ಜಿಂಕೆಗೆ ಪ್ರತಿ ವರ್ಷ ಚಳಿ ಕಳೆದ ಮೇಲೆ ಕೊಂಬು ಬೀಳ್ತದೆ. ಬೇಸಿಗೆಯಲ್ಲಿ ಮೆತ್ತನೆ ಚರ್ಮ ಹೊದ್ದು ಹೊಸದು ಬೆಳೀತದೆ. ಅಂದ್ರೆ ಅದೂ ಒಂದು ಬೆಳೆ ಇದ್ದಂಗೆ.

ಕವಲು ಕೊಂಬಿನ ದೇವರನ್ನ ಪೂಜಿಸಿದ ಜನ ಅವನ ಕಥೆ ಬರೆದಿಡಲಿಲ್ಲ. ಕಲ್ಲು, ಲೋಹವೇ ಸಾಕ್ಷಿ. ಪ್ಯಾರಿಸ್‌ನಲ್ಲಿ ದೋಣಿಯವರ ಸಂಘ ರೋಮನ್ನರ ಕಾಲದಲ್ಲಿ ನಿಲ್ಲಿಸಿದ ಕಂಬದಲ್ಲಿ ಅವನ ಹೆಸರಿದೆ: ಸೆರ್ನುನ್ನೋಸ್. 'ಕೊಂಬಿನವನು' ಅಂತ ಅರ್ಥ ಹೇಳ್ತಾರೆ. ಫ್ರಾನ್ಸಿನ ರೀಮ್ಸ್ ಊರಿನ ಕಲ್ಲಿನಲ್ಲಿ ಅವನು ಚೀಲದಿಂದ ರಾಶಿ ಸುರೀತಿದ್ದಾನೆ, ಕೆಲವರು ಕಾಳು ಅಂತಾರೆ, ಕೆಲವರು ನಾಣ್ಯ ಅಂತಾರೆ. ಕೆಳಗೆ ಒಂದು ಗೂಳಿ, ಒಂದು ಜಿಂಕೆ. ಹಟ್ಟಿಯದೂ ಕಾಡಿನದೂ ಒಂದೇ ದೇವರ ಕಾಲಡಿ. ಉದುರಿದ್ದು ಮತ್ತೆ ಚಿಗುರುತ್ತೆ ಅನ್ನೋ ನಂಬಿಕೆಯೇ ಆ ಕೊಂಬಿನ ಅರ್ಥ ಅಂತ ನನಗನಿಸ್ತದೆ. ಬಿತ್ತುವವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಕೊನೆಗೊಂದು ಮಾತು. ಕಾಡಂಚಿನ ಹೊಲದಲ್ಲಿ ಉದುರಿದ ಕೊಂಬು ಸಿಕ್ಕಿದ್ರೆ ಚೆಂದ ಇದೆ ಅಂತ ಮನೆಗೆ ತರಬೇಡಿ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದು ಸರ್ಕಾರದ ಸ್ವತ್ತು. ಅರಣ್ಯ ಇಲಾಖೆಯವರಿಗೆ ತಿಳಿಸಿ.