ಜೋಡಾಟದ ಸದ್ದು, ವಾಲಿಯ ಪ್ರಶ್ನೆ

ಒಂದೇ ಬಯಲಿನಲ್ಲಿ ಮಗ್ಗುಲು ಮಗ್ಗುಲಾಗಿ ಎರಡು ರಂಗಸ್ಥಳಗಳು, ಎರಡು ಮೇಳಗಳು. ಆಡುವ ಪ್ರಸಂಗ ಮಾತ್ರ ಒಂದೇ. ಕರಾವಳಿಯಲ್ಲಿ ಇದಕ್ಕೆ ಜೋಡಾಟವೆಂದು ಹೆಸರು. ಎರಡು ಮೇಳದವರು ಒಂದೇ ರಂಗಸ್ಥಳದಲ್ಲಿ ಕೂಡಿ ಆಡಿದರೆ ಅದು ಕೂಡಾಟ. ಘಟ್ಟದ ಮೇಲಿನ ಅಭ್ಯಾಸಿಗಳು ಇವೆರಡನ್ನೂ ಆಗಾಗ ಬೆರೆಸಿಬಿಡುವುದುಂಟು. ಜೋಡಾಟದಲ್ಲಿ ಕೂಡುವ ಮಾತೇ ಇಲ್ಲ, ಅಲ್ಲಿರುವುದು ಎದುರಾಗುವುದು. ಈ ಕಡೆ ರಾವಣ ಒಡ್ಡೋಲಗಕ್ಕೆ ಬಂದರೆ ಆ ಕಡೆಯೂ ರಾವಣ ಬರಬೇಕು; ಈ ಕಡೆಯ ಅಭಿಮನ್ಯು ಎಷ್ಟು ಸುತ್ತು ದಿಗಿಣ ಹಾರಿದನೆಂಬುದನ್ನು ಆ ಕಡೆಯ ಚೌಕಿಯಲ್ಲಿ ಎಣಿಸುತ್ತಿರುತ್ತಾರೆ. ನಡುವೆ ಕುಳಿತ ಜನ ಯಾವ ರಂಗಸ್ಥಳದತ್ತ ಮುಖ ತಿರುಗಿಸುವರೋ ಆ ಮೇಳ ಗೆದ್ದಂತೆ. ಬೇರೆ ತೀರ್ಪುಗಾರರ ಅಗತ್ಯವಿರಲಿಲ್ಲ.

ಜೋಡಾಟ 1960ರ ದಶಕದಲ್ಲಿ ಹುಟ್ಟಿದ್ದಲ್ಲ, ಅದಕ್ಕಿಂತ ಹಳೆಯದು. ಆದರೆ ಡೇರೆ ಮೇಳಗಳ ಆ ಕಾಲದಲ್ಲಿ ಮೇಳಮೇಳಗಳ ಪೈಪೋಟಿಗೆ ಹೊಸದೊಂದು ಅರ್ಥ ಬಂದಿತ್ತು. ಕಟೀಲು, ಮಂದಾರ್ತಿಯಂಥ ಕ್ಷೇತ್ರಗಳ ಮೇಳಗಳು ಭಕ್ತರ ಹರಕೆಯ ಬಲದಿಂದ ನಡೆಯುವಂಥವು. ಜನ ಬರಲಿ ಬಿಡಲಿ, ಅವುಗಳ ಆಟಕ್ಕೆ ಭಂಗವಿಲ್ಲ. ಟಿಕೆಟ್ಟು ಹರಿದು ಒಳಬಿಡುವ ಮೇಳದ ಯಜಮಾನನಿಗೆ ಮಾತ್ರ ಪ್ರತಿ ಇರುಳೂ ಒಂದು ಪರೀಕ್ಷೆಯೇ. ಜೈನ ಹೆಗ್ಗಡೆ ಮನೆತನದ ಆಶ್ರಯದಲ್ಲಿದ್ದ ಧರ್ಮಸ್ಥಳ ಮೇಳವು ರತ್ನವರ್ಮ ಹೆಗ್ಗಡೆಯವರ ಕಾಲದಲ್ಲಿಯೂ, 1968ರಲ್ಲಿ ವೀರೇಂದ್ರ ಹೆಗ್ಗಡೆಯವರು ಪಟ್ಟಕ್ಕೆ ಬಂದ ಮೇಲೆಯೂ ಕನ್ನಡದ ಪ್ರಸಂಗಗಳಿಗೇ ಹೆಸರಾಯಿತು. ಕಲ್ಲಾಡಿ ಮನೆತನದ ಕರ್ನಾಟಕ ಮೇಳ ತುಳು ಪ್ರಸಂಗಗಳಿಂದ ಜನರನ್ನು ಸೆಳೆಯಿತು. ಪುರಾಣವನ್ನು ಬಿಟ್ಟವರು ಯಕ್ಷಗಾನವನ್ನೇ ಕೆಡಿಸಿದರೆಂದು ಒಂದು ಪಕ್ಷ ದೂರಿತು. ಜನರ ಭಾಷೆಯನ್ನು ರಂಗಸ್ಥಳಕ್ಕೆ ತಂದದ್ದು ತಪ್ಪು ಹೇಗಾದೀತೆಂದು ಇನ್ನೊಂದು ಪಕ್ಷ ಕೇಳಿತು.

ಜೋಡಾಟದ ಲಾಭನಷ್ಟಗಳನ್ನು ತೂಗಿದರೆ ನಷ್ಟದ ತಟ್ಟೆಯೇ ಕೆಳಗಿಳಿಯುತ್ತದೆ. ಎರಡು ಚೆಂಡೆಗಳು ಒಟ್ಟಿಗೆ ಮೊಳಗುವಲ್ಲಿ ಮಾತು ಕೇಳಿಸದು. ವಿಳಂಬ ಗತಿಯ ಪದ ಹಾಡಿದ ಭಾಗವತ ಸೋತಂತೆಯೇ ಸರಿ. ಸ್ತ್ರೀವೇಷದ ಲಾಲಿತ್ಯ, ಹಾಸ್ಯಗಾರನ ಚುಟುಕು ಮಾತು, ಶೃಂಗಾರ ಕರುಣಗಳ ಪದಗಳು ಹಿಂದೆ ಸರಿಯುತ್ತವೆ; ದೊಂದಿ ಹಿಡಿದು ರಾಳ ಹಾರಿಸುತ್ತ ಅಬ್ಬರಿಸಿ ಬರುವ ಬಣ್ಣದ ವೇಷ, ಪುಂಡುವೇಷದ ದಿಗಿಣ, ಏರು ಪದಗಳು ಮುಂದೆ ನಿಲ್ಲುತ್ತವೆ. ಗೆಲ್ಲುವುದಕ್ಕೆ ಬೇಕಾದ ಗುಣಗಳೂ ಕಲೆಗೆ ಬೇಕಾದ ಗುಣಗಳೂ ಎಲ್ಲ ಕಾಲಕ್ಕೂ ಒಂದೇ ಆಗಿರುವುದಿಲ್ಲ ಎಂಬುದಕ್ಕೆ ಇಷ್ಟು ಸ್ಪಷ್ಟವಾದ ನಿದರ್ಶನ ಕನ್ನಡ ರಂಗಭೂಮಿಯಲ್ಲಿ ಮತ್ತೊಂದು ದೊರೆಯುವುದು ಕಷ್ಟ.

ಆದರೆ ಕಲಾವಿದನೊಬ್ಬ ಇನ್ನೊಬ್ಬ ಕಲಾವಿದನನ್ನು ಬಾಯಿಬಿಟ್ಟು ಖಂಡಿಸುವ ಬೇರೊಂದು ವೇದಿಕೆಯೂ ಇದೇ ನಾಡಿನಲ್ಲಿತ್ತು. ಅದು ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ ಹೇಳುತ್ತಾರೆ, ಎದುರುಬದುರಾಗಿ ಕುಳಿತ ಅರ್ಥಧಾರಿಗಳು ಆ ಪದಕ್ಕೆ ಅಲ್ಲಿಯೇ ಮಾತು ಕಟ್ಟುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರು, ಮಲ್ಪೆಯ ಶಂಕರನಾರಾಯಣ ಸಾಮಗರು, ಅವರ ತಮ್ಮ ರಾಮದಾಸ ಸಾಮಗರು, ದೇರಾಜೆ ಸೀತಾರಾಮಯ್ಯನವರು ಎದುರೆದುರು ಕುಳಿತ ಕಾಲವದು. ಶೇಣಿಯವರ ತರ್ಕ, ಸಾಮಗರ ಸಂಸ್ಕೃತಭೂಯಿಷ್ಠವಾದ ವಾಗ್ಝರಿ, ದೇರಾಜೆಯವರ ಭಾವದ ಮಿತಭಾಷೆ ಒಂದನ್ನೊಂದು ಒಪ್ಪುವ ಶೈಲಿಗಳಲ್ಲ. ಆ ಒಪ್ಪದಿರುವಿಕೆಯೇ ಕೇಳುಗರಿಗೆ ರಸದೌತಣವಾಯಿತು.

ಶೇಣಿಯವರ ವಾಲಿ ಪ್ರಸಿದ್ಧ. ಮರದ ಮರೆಯಿಂದ ಬಾಣಬಿಟ್ಟ ರಾಮನನ್ನು ನೆಲಕ್ಕುರುಳಿದ ವಾಲಿ ಪ್ರಶ್ನಿಸುತ್ತಾನೆ: ನಿನಗೂ ನನಗೂ ವೈರವೆಲ್ಲಿತ್ತು, ಎದುರು ನಿಂತು ಕೇಳಲಾರದ ನ್ಯಾಯ ಯಾವುದು. ಇದು ಕವಿ ಹಾಕಿಕೊಟ್ಟ ಪ್ರಶ್ನೆಯೇ; ಆದರೆ ಅರ್ಥಧಾರಿ ಅದನ್ನು ಎಷ್ಟು ದೂರ ಒಯ್ಯುವನೆಂಬುದು ಎದುರಿನವನಿಗೆ ಮೊದಲೇ ತಿಳಿದಿರುವುದಿಲ್ಲ. ರಾಮನ ಅರ್ಥ ಹೇಳುವವನ ಓದು ತೆಳುವಾಗಿದ್ದರೆ ಅದು ಸಭೆಯ ಮುಂದೆಯೇ ಬಯಲಾಗುತ್ತದೆ. ಪಾತ್ರದ ಹೆಸರಿನಲ್ಲಿ ಪಾತ್ರಧಾರಿಯನ್ನೇ ತಿವಿದರೆಂದು, ವಾದಕ್ಕಾಗಿ ವಾದ ಹೂಡಿದರೆಂದು ಆಕ್ಷೇಪಗಳು ಬಂದದ್ದೂ ಉಂಟು, ಅವೆಲ್ಲವೂ ನಿರಾಧಾರವಲ್ಲ. ಇಲ್ಲಿ ಒಂದು ಮಾತು ನೆನೆಯಬಹುದು. ವಿಮಲಸೂರಿಯ ಪರಂಪರೆಯನ್ನು ಅನುಸರಿಸಿದ ನಾಗಚಂದ್ರನಲ್ಲಿ ರಾಮ ವಾಲಿಯನ್ನು ಕೊಲ್ಲುವುದೇ ಇಲ್ಲ. ವಾಲಿ ವಿರಕ್ತನಾಗಿ ದೀಕ್ಷೆ ಪಡೆಯುತ್ತಾನೆ. ಜೈನ ಕವಿಗಳು ಕತೆಯನ್ನೇ ತಿದ್ದಿ ಹೇಳಿದ ವಿಮರ್ಶೆಯನ್ನು ತಾಳಮದ್ದಳೆಯ ವಾಲಿ ಕತೆಯನ್ನು ಮುಟ್ಟದೆ, ಬರಿಯ ಮಾತಿನಿಂದ ಹೇಳುತ್ತಾನೆ.

ಅದೇ ದಶಕದಲ್ಲಿ ಲಂಡನ್ನಿನ ರಾಕ್ ಸಂಗೀತದ ತಂಡಗಳೂ ಒಂದನ್ನೊಂದು ಬಿಡಿಸಿಬಿಡಿಸಿ ಟೀಕಿಸುತ್ತಿದ್ದವು. 1966ರಲ್ಲಿ ಕಿಂಕ್ಸ್ ತಂಡದ ರೇ ಡೇವಿಸ್ ‘ಡಿಸ್ಕ್ ಅಂಡ್ ಮ್ಯೂಸಿಕ್ ಎಕೋ’ ಪತ್ರಿಕೆಯಲ್ಲಿ ಬೀಟಲ್ಸ್ ತಂಡದ ‘ರಿವಾಲ್ವರ್’ ಧ್ವನಿಮುದ್ರಿಕೆಯನ್ನು ಹಾಡು ಹಾಡಾಗಿ ವಿಮರ್ಶಿಸಿ, ಕೆಲವನ್ನು ಮೆಚ್ಚಿ ಕೆಲವನ್ನು ನಿರ್ದಾಕ್ಷಿಣ್ಯವಾಗಿ ತಳ್ಳಿಹಾಕಿದರು. ಪ್ರತಿಸ್ಪರ್ಧಿಯೇ ವಿಮರ್ಶಕನಾದ ಅಪರೂಪದ ಸಂದರ್ಭವದು. ಆದರೆ ಬೀಟಲ್ಸ್ ತಂಡದವರು ಅದಕ್ಕೆ ಉತ್ತರ ಕೊಡಬೇಕಾದ ಕಟ್ಟುಪಾಡೇನೂ ಇರಲಿಲ್ಲ. ತಾಳಮದ್ದಳೆಯಲ್ಲಿ ಆ ಸೌಲಭ್ಯವಿಲ್ಲ. ಭಾಗವತರು ಮುಂದಿನ ಪದ ಎತ್ತುವ ಮುನ್ನವೇ ರಾಮ ಮಾತಾಡಬೇಕು.

ಶಿವರಾಮ ಕಾರಂತರ ಖಂಡನೆ ಬಂದದ್ದು ರಂಗಸ್ಥಳದ ಹೊರಗಿನಿಂದ, ಬರವಣಿಗೆಯಲ್ಲಿ. ‘ಯಕ್ಷಗಾನ ಬಯಲಾಟ’ಕ್ಕೆ 1959ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು, ಅವರ ಮಾತನ್ನು ಯಾರೂ ಕೇಳದಂತಿರಲು ಸಾಧ್ಯವಿರಲಿಲ್ಲ. ನಾಟಕ ಕಂಪನಿಗಳನ್ನು ನೋಡಿ ವೇಷಭೂಷಣ ಕೆಡಿಸಿಕೊಂಡ ಮೇಳಗಳನ್ನು ಅವರು ಮುಲಾಜಿಲ್ಲದೆ ಜರಿದರು. ಯಕ್ಷಗಾನದ ಜೀವ ಹಾಡು ಕುಣಿತಗಳಲ್ಲಿದೆ ಎಂದು ನಂಬಿ ತಮ್ಮ ಪ್ರಯೋಗಗಳಲ್ಲಿ ಮಾತನ್ನು ಕೈಬಿಟ್ಟರು, ಇರುಳಿಡೀ ನಡೆಯುವ ಆಟವನ್ನು ಕೆಲವು ಗಂಟೆಗಳಿಗೆ ಇಳಿಸಿದರು, ಪಿಟೀಲು ಸ್ಯಾಕ್ಸೊಫೋನುಗಳನ್ನು ತಂದರು. ಪರಕೀಯವಾದುದನ್ನು ಖಂಡಿಸಿದವರೇ ಸ್ಯಾಕ್ಸೊಫೋನು ತಂದರಲ್ಲ ಎಂಬ ಎದುರೇಟು ಸಹಜವೇ ಆಗಿತ್ತು. ಮಾತಿನ ಮೇಲೆಯೇ ನಿಂತ ಶೇಣಿ, ಸಾಮಗರ ಕಲೆಗೆ ಈ ದೃಷ್ಟಿಯಲ್ಲಿ ಸ್ಥಾನವೆಲ್ಲಿ ಎಂಬುದು ಇನ್ನೂ ಗಂಭೀರವಾದ ಪ್ರಶ್ನೆ. ಕಾರಂತರ ಪ್ರಯೋಗಗಳ ಚೆಲುವನ್ನು ಮೆಚ್ಚುತ್ತಲೇ ಈ ಪ್ರಶ್ನೆಯನ್ನು ಉಳಿಸಿಕೊಳ್ಳಬೇಕಾಗುತ್ತದೆ.

ಎಲ್ಲಕ್ಕಿಂತ ಕಹಿಯಾದದ್ದು ಕರ್ತೃತ್ವದ ಜಗಳ. ರಾಮಾಯಣ ಪ್ರಸಂಗಗಳ ಕವಿ ಕುಂಬಳೆಯ ಪಾರ್ತಿಸುಬ್ಬನೆಂದು ತೆಂಕಣವರ ಪರಂಪರೆ ನಂಬಿತ್ತು. ಮುಳಿಯ ತಿಮ್ಮಪ್ಪಯ್ಯನವರು ಅವನ ಕುರಿತು ಗ್ರಂಥವನ್ನೇ ಬರೆದಿದ್ದರು. ಕಾರಂತರು ಆ ಪ್ರಸಂಗಗಳನ್ನು ಸುಬ್ಬನಿಂದ ಬಿಡಿಸಿ ಬಡಗಿನ ಬ್ರಹ್ಮಾವರದ ಕಡೆಗೆ, ಅಜಪುರಕ್ಕೆ ಸಲ್ಲಿಸಲು ವಾದಿಸಿದರು. ಕುಕ್ಕಿಲ ಕೃಷ್ಣ ಭಟ್ಟರು ಅದನ್ನು ಅಷ್ಟೇ ಖಾರವಾಗಿ ಎದುರಿಸಿದರು. ಹೊರಗಿನವರಿಗೆ ಇದು ಪಾಠಾಂತರ, ಅಂಕಿತಗಳ ಚರ್ಚೆಯಾಗಿ ಕಾಣಬಹುದು. ಆದರೆ 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿಹೋಗಿತ್ತು. ನಾಡಿನ ಗಡಿಯಿಂದ ಹೊರಗುಳಿದ ಕನ್ನಡಿಗರಿಗೆ, ನಿಮ್ಮ ಆದಿಕವಿಯೂ ನಿಮ್ಮವನಲ್ಲ ಎಂಬ ವಾದ ಬರಿಯ ಪಾಂಡಿತ್ಯದ ವಾದವಾಗಿ ಕೇಳಿಸಿರಲಾರದು. ಕಾರಂತರಿಗೆ ಆ ಉದ್ದೇಶವಿರಲಿಲ್ಲವೆಂದು ಒಪ್ಪಿಕೊಂಡರೂ ಕುಕ್ಕಿಲರ ಬರವಣಿಗೆಯ ಬಿಸಿ ಎಲ್ಲಿಂದ ಬಂತೆಂಬುದನ್ನು ಅರಿಯಲು ಈ ತಾರೀಖನ್ನು ಮರೆಯುವಂತಿಲ್ಲ.

ವಾಲಿಯ ಆ ಪ್ರಶ್ನೆ ಬರುವ ‘ವಾಲಿ ಸುಗ್ರೀವರ ಕಾಳಗ’ವೂ ಈ ವಿವಾದಗ್ರಸ್ತ ಪ್ರಸಂಗಗಳಲ್ಲಿ ಒಂದು. ವಿದ್ವಾಂಸರು ಕವಿಯ ಊರನ್ನು ಕುರಿತು ಕಾದಾಡುತ್ತಿದ್ದಾಗಲೂ ಕುಂಬಳೆಯ ಭಾಗವತರೂ ಬ್ರಹ್ಮಾವರದ ಭಾಗವತರೂ ಅದರ ಪದಗಳನ್ನು ತಂತಮ್ಮ ಮಟ್ಟಿನಲ್ಲಿ ಹಾಡುತ್ತಲೇ ಇದ್ದರು.